ತೂಕವೊಂದೇ ಸಾಲದು
ಮೈಸೂರಿನ ಹಳೆಯ ಹೆರಿಗೆ ದಾಖಲೆ ಮತ್ತು ನಮ್ಮ ತಾಲೂಕುಗಳ ಮಕ್ಕಳು

ಗೋದಾಮಿಗೆ ಬಂದ ಅಡಿಕೆ ಚೀಲವನ್ನು ತಕ್ಕಡಿಗೆ ಏರಿಸುವ ಮೊದಲೇ ನಾವು ಒಳಗೆ ಕೈ ಇಳಿಸಿ ಹಸಿ ಎಷ್ಟಿದೆಯೆಂದು ನೋಡುತ್ತೇವೆ. ಕಾಫಿಯಾದರೂ ಅಷ್ಟೇ. 50 ಕಿಲೋದಲ್ಲಿ ನೀರೆಷ್ಟು, ಕಾಳೆಷ್ಟು ಎಂದು ತಿಳಿಯದೆ ದರ ಹೇಳುವವನನ್ನು ವ್ಯಾಪಾರಿ ಎನ್ನುವುದಿಲ್ಲ. ಮನುಷ್ಯನ ವಿಷಯ ಬಂದಾಗ ಮಾತ್ರ ಮುಳ್ಳು ಎಲ್ಲಿ ನಿಂತಿತೆಂದು ನೋಡಿ ಕೆಳಗಿಳಿಯುತ್ತೇವೆ. ಕೂಸು ಎರಡೂವರೆ ಕಿಲೋ, ಯಜಮಾನರು 70 ಕಿಲೋ. ಅಲ್ಲಿಗೆ ಲೆಕ್ಕ ಮುಗಿಯಿತು.

ಈ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲವೆಂದು ತೋರಿಸಿಕೊಟ್ಟ ಒಂದು ಸಂಶೋಧನೆ ನಮ್ಮ ರಾಜ್ಯದಲ್ಲೇ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಅಲ್ಲಿಯವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಕಡೆ, 1934ರಿಂದಲೂ ಹುಟ್ಟಿದ ಕೂಸುಗಳ ತೂಕದ ಜೊತೆಗೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಆ ಪುಸ್ತಕಗಳು ಉಳಿದುಕೊಂಡವು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡಾ. ಡೇವಿಡ್ ಬಾರ್ಕರ್, ಡಾ. ಕ್ಯಾರೊಲಿನ್ ಫಾಲ್ ಮುಂತಾದವರು ಮೈಸೂರಿನ ವೈದ್ಯರೊಡನೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಆ ಊರಲ್ಲೇ ನೆಲೆಸಿದ್ದವರನ್ನು ಹುಡುಕಿಸಿದರು. ಪರೀಕ್ಷೆಗೆ ಸಿಕ್ಕವರು 517 ಮಂದಿ. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಏಳು ಪೌಂಡಿಗೆ ಮೇಲಿದ್ದವರಲ್ಲಿ ನೂರಕ್ಕೆ 3 ಜನರಿಗೆ ಮಾತ್ರ.

ಇಷ್ಟೇ ಆಗಿದ್ದರೆ ತೂಕವೊಂದೇ ಸಾಕು ಎನ್ನಬಹುದಿತ್ತು. ಆದರೆ ಎರಡು ವರ್ಷದ ನಂತರ ಅದೇ ದಾಖಲೆಯನ್ನು ಹಿಡಿದು ಸಕ್ಕರೆ ಕಾಯಿಲೆಯ ಲೆಕ್ಕ ತೆಗೆದಾಗ ಬೇರೆಯದೇ ಚಿತ್ರ ಬಂತು. ಮಧುಮೇಹ ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡಗಿದ್ದು, ಆ ಉದ್ದಕ್ಕೆ ಮೈ ದಪ್ಪಗಿದ್ದವರಲ್ಲಿ. ಅವರ ತಾಯಂದಿರೂ ತೂಕವುಳ್ಳವರು. ಅಂದಿನ ದಾದಿಯರು ಉದ್ದವನ್ನು ಬರೆಯದೆ ಬಿಟ್ಟಿದ್ದರೆ ಈ ಸಂಗತಿ ಯಾರಿಗೂ ಕಾಣುತ್ತಲೇ ಇರಲಿಲ್ಲ. ಬಸಿರಿನಲ್ಲೇ ತಾಯಿಗೆ ಸಕ್ಕರೆ ಏರಿರಬಹುದೆಂಬ ಗುಮಾನಿಯಿಂದ, 1997-98ರಲ್ಲಿ ಅದೇ ಆಸ್ಪತ್ರೆಯ ಬಸುರಿಯರನ್ನು ಪರೀಕ್ಷಿಸಿ ಅವರ ಮಕ್ಕಳನ್ನು ವರ್ಷ ವರ್ಷ ಅಳೆಯುತ್ತ ಬಂದರು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಉಳಿದವರಿಗಿಂತ ಹೆಚ್ಚಿತ್ತು.

ದೊಡ್ಡವರ ವಿಷಯವೂ ಹೀಗೆಯೇ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. 1.60 ಮೀಟರ್ ಎತ್ತರದ, 60 ಕಿಲೋ ತೂಗುವವರಿಗೆ ಅದು 23.4. ಮೂಟೆ ಹೊರುವ ಹಮಾಲನಿಗೂ, ಗಾದಿ ಬಿಟ್ಟೇಳದ ಸಾಹುಕಾರರಿಗೂ ಇದೇ ಅಂಕಿ ಬರಬಹುದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿ 2004ರಲ್ಲಿ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. 22.3. ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ನಮ್ಮ ಯಾಜ್ಞಿಕ್ ಅವರಲ್ಲಿ 21.2! ತೆಳ್ಳಗೆ ಕಾಣುವ ಭಾರತೀಯನ ಮೈಯೊಳಗೆ ಕೊಬ್ಬು ಅಡಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 23 ದಾಟಿದಾಗಲೇ ಎಚ್ಚರವಾಗಬೇಕೆಂದು ಅದೇ ವರ್ಷ ಹೇಳಿದ್ದೂ ಇದೇ ಕಾರಣಕ್ಕೆ.

ಕೊಬ್ಬನ್ನು ಅಳೆಯುವುದು ಹೇಗೆ? ತೋಳು, ಬೆನ್ನುಗಳ ಚರ್ಮವನ್ನು ಚಿಮಟದಂಥ ಸಾಧನದಿಂದ ಹಿಡಿದು ದಪ್ಪ ನೋಡುವುದು ಒಂದು ವಿಧಾನ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇನ್ನೂ ಸೂಕ್ಷ್ಮವಾದ ವಿಧಾನವಿದೆ. ಡ್ಯೂಟೀರಿಯಂ ಇರುವ ಭಾರಜಲವನ್ನು ಸ್ವಲ್ಪವೇ ಕುಡಿಸಿ, ಕೆಲವು ಗಂಟೆಗಳ ಮೇಲೆ ಎಂಜಲಿನಲ್ಲೋ ಮೂತ್ರದಲ್ಲೋ ಅದು ಎಷ್ಟು ತೆಳುವಾಗಿದೆಯೆಂದು ನೋಡಿದರೆ ಮೈಯೊಳಗಿನ ನೀರಿನ ಅಂದಾಜು ಸಿಗುತ್ತದೆ. ಕೊಬ್ಬಿನಲ್ಲಿ ನೀರು ಇಲ್ಲವೇ ಇಲ್ಲವೆನ್ನಬಹುದು. ಕೊಬ್ಬು ಬಿಟ್ಟ ಉಳಿದ ದೇಹದಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು. ಉಳಿದದ್ದು ಕೂಡಿ ಕಳೆಯುವ ಲೆಕ್ಕ. ಅಡಿಕೆಯ ಹಸಿ ನೋಡುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಮ್ಮ ಹಳ್ಳಿಗಳಲ್ಲಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅಂಗನವಾಡಿಯ ತೂಕ ಮತ್ತು ಉದ್ದ ಸರಿಯಾಗಿ ಬಂದರೆ ಸಾಕು. ಎರಡನೆಯ ವರ್ಷದಲ್ಲಿ ಮಗುವಿನ ತೂಕ ಏರುವುದು ತಿಂಗಳಿಗೆ ಸುಮಾರು 200 ಗ್ರಾಂ. ಸ್ವೆಟರು, ಕಾಲ್ಗೆಜ್ಜೆ, ಒದ್ದೆ ಚಡ್ಡಿ ಸೇರಿದರೆ ಆ 200 ಗ್ರಾಂ ಅಲ್ಲೇ ಬಂದುಬಿಡುತ್ತದೆ. ಸೊರಗುತ್ತಿರುವ ಕೂಸು ಕಾಗದದ ಮೇಲೆ ಬೆಳೆಯುತ್ತಿರುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಮೊಣಕಾಲು ನೇರ ಮಾಡಿ ಅಳೆಯಬೇಕು. ನಿಲ್ಲಿಸಿ ಅಳೆದರೆ ಮುಕ್ಕಾಲು ಸೆಂಟಿಮೀಟರಿನಷ್ಟು ಕಡಿಮೆ ಬರುತ್ತದೆ.

ನಮಗೆ ಹೆಚ್ಚು ಕಳವಳ ಇರುವುದು ಗುಳೆ ಹೋಗುವವರ ಮಕ್ಕಳ ಬಗ್ಗೆ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಕಾಫಿ ಹಣ್ಣು ಬಿಡಿಸಲು ಚಿಕ್ಕಮಗಳೂರು, ಕೊಡಗಿಗೆ ಹೋದ ಕುಟುಂಬದ ಕೂಸಿಗೆ ಆ ತಿಂಗಳುಗಳ ಅಳತೆ ಇಲ್ಲಿ ಖಾಲಿ, ಅಲ್ಲಿಯೂ ಹಲವು ಸಲ ಖಾಲಿ. ತಾಯಿ ಕಾರ್ಡು ಊರಲ್ಲಿ ಗೂಟಕ್ಕೆ ನೇತುಬಿದ್ದಿರುತ್ತದೆ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿ, ರೈತನ ಸಾಲದ ಪೈಸೆ ಪೈಸೆಯನ್ನೂ ಪುಸ್ತಕಕ್ಕೆ ಏರಿಸಿದ ಸೀಮೆ ನಮ್ಮದು. ಮಕ್ಕಳ ಪುಸ್ತಕ ಖಾಲಿ ಬಿಡುವುದು ಒಪ್ಪುವ ಮಾತಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಸದಸ್ಯರು ಆಳು ಕಳಿಸುವಾಗ, ಘಟ್ಟದ ಬೆಳೆಗಾರ ಬಂಧುಗಳು ಕರೆಸಿಕೊಳ್ಳುವಾಗ, ಕಾರ್ಡು ಜೊತೆಗೆ ಬಂದಿದೆಯೇ ಎಂದು ಕೇಳಿ, ಹತ್ತಿರದ ಅಂಗನವಾಡಿಗೆ ತೋರಿಸಬೇಕು.

ಇನ್ನೊಂದು ಮಾತು. ಬುಟ್ಟಿ ತೂಗುವ ಸ್ಪ್ರಿಂಗ್ ತಕ್ಕಡಿ ದಿನ ಕಳೆದಂತೆ ಜೋತು ಸುಳ್ಳು ಹೇಳತೊಡಗುತ್ತದೆ. ಮುದ್ರೆ ಹಾಕಿಸಿದ 2 ಮತ್ತು 5 ಕಿಲೋ ತೂಕದ ಕಲ್ಲುಗಳು ಸಂಘದ ಗೋದಾಮಿನಲ್ಲಿವೆ. ಅಂಗನವಾಡಿಯವರು ತಕ್ಕಡಿ ಪರೀಕ್ಷೆಗೆ ಕೇಳಿದರೆ ಒಂದು ದಿನದ ಮಟ್ಟಿಗೆ ರಸೀದಿ ಬರೆಸಿಕೊಂಡು ಕೊಡುತ್ತೇವೆ. ಹಂಗಾಮಿನ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಮುಂಚೆ ಬರಬೇಕು.