ತಲೆಯಾಡಿಸಿದರೆ ತಿಳಿದಂತಲ್ಲ

ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನ ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಬಂಡೆ ಶಾಸನಗಳಲ್ಲಿ ಅವನ್ನು ಕೊರೆಸಿದ ದೊರೆಯನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದಿತ್ತು. ಈತನೇ ಬೌದ್ಧ ಗ್ರಂಥಗಳ ಅಶೋಕ ಎಂದು ಜಾರ್ಜ್ ಟರ್ನರ್ 1837ರಲ್ಲೇ ಗುರುತಿಸಿದ್ದರು, ನಿಜ. ಆದರೆ ಬಿರುದು, ಹೆಸರು ಎರಡೂ ಒಂದೇ ಕಲ್ಲಿನ ಮೇಲೆ ಮೊದಲು ಓದಲು ಸಿಕ್ಕಿದ್ದು ಮಸ್ಕಿಯಲ್ಲಿ.

ಒಬ್ಬನೇ ಮನುಷ್ಯ, ಎರಡು ಹೆಸರು. ತಂತ್ರಾಂಶ ಕಟ್ಟುವ ತಂಡಗಳನ್ನು ದಿನವೂ ಕಾಡುವ ತೊಡಕು ಇದೇ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: ಒಂದೇ ಮಾತು, ಎರಡು ಅರ್ಥ.

ತಪ್ಪು ಕಲ್ಪನೆ: ಬೇಕಾದ್ದನ್ನೆಲ್ಲ ವಿವರವಾಗಿ ಬರೆದುಕೊಟ್ಟರೆ ತಂಡಕ್ಕೆಲ್ಲ ಒಂದೇ ರೀತಿ ಅರ್ಥವಾಗುತ್ತದೆ.

ಸತ್ಯ: ಲಿಂಗಸುಗೂರಿನ ರೈತರೊಬ್ಬರ ಹೊಲ 2 ಎಕರೆ 20 ಗುಂಟೆ ಎಂದುಕೊಳ್ಳಿ. ಕಾಗದದಲ್ಲಿ ಅದು 2-20. ತಂತ್ರಾಂಶದ ವಿವರಣೆಯಲ್ಲಿ ‘ವಿಸ್ತೀರ್ಣ, ಎಕರೆಯಲ್ಲಿ’ ಎಂದು ಬರೆದಿದೆ. ಓದಿದವರೆಲ್ಲ ಒಪ್ಪಿದ್ದಾರೆ. ಪ್ರೋಗ್ರಾಂ ಬರೆಯುವ ಹುಡುಗಿ ಅದನ್ನು 2.20 ಎಂಬ ದಶಮಾಂಶವಾಗಿ ಇಡುತ್ತಾಳೆ. ಎಕರೆಗೆ 40 ಗುಂಟೆ. ಹಾಗಾಗಿ ದಶಮಾಂಶದ 2.20 ಎಂದರೆ 2 ಎಕರೆ 8 ಗುಂಟೆ ಮಾತ್ರ. ಹನ್ನೆರಡು ಗುಂಟೆ, ಅಂದರೆ 13,068 ಚದರ ಅಡಿ ನೆಲ, ಯಾರೂ ಕದಿಯದೆ ಮಾಯವಾಯಿತು. ಅವಳದು ಅಜಾಗರೂಕತೆ ಅಲ್ಲ. ಹೊಲ ಬಲ್ಲವರು ಅವಳ ಪಕ್ಕ ಕೂತಿರಲಿಲ್ಲ, ಅಷ್ಟೆ.

ಸಿಂಧನೂರಿನ ಭತ್ತದ ವ್ಯಾಪಾರದಲ್ಲೂ ಹೀಗೇ. ಇಲ್ಲಿ ದರ ಮಾತಾಡುವುದು 75 ಕಿಲೋ ಚೀಲಕ್ಕೆ, ಸರ್ಕಾರ ಬೆಂಬಲ ಬೆಲೆ ಸಾರುವುದು ಕ್ವಿಂಟಲ್‌ಗೆ. ‘ದರ’ ಎಂಬ ಎರಡಕ್ಷರದ ಹಿಂದೆ 25 ಕಿಲೋ ವ್ಯತ್ಯಾಸ ಅಡಗಿದೆ. ಎಷ್ಟು ಪುಟ ಬರೆದರೂ, ಎಲ್ಲರಿಗೂ ಗೊತ್ತಿದೆ ಎಂದುಕೊಂಡದ್ದನ್ನು ಯಾರೂ ಬರೆಯುವುದಿಲ್ಲ.

ಇದಕ್ಕೆ ನನಗೆ ತಿಳಿದ ಒಳ್ಳೆಯ ಮದ್ದು, ಮ್ಯಾಟ್ ವಿನ್ 2015ರಲ್ಲಿ ವಿವರಿಸಿದ ‘ಎಕ್ಸಾಂಪಲ್ ಮ್ಯಾಪಿಂಗ್’. ಮಾಡಬೇಕಾದ ಕೆಲಸ ಹಳದಿ ಚೀಟಿಯಲ್ಲಿ, ಅದರ ನಿಯಮಗಳು ನೀಲಿಯಲ್ಲಿ, ಪ್ರತಿ ನಿಯಮಕ್ಕೂ ನಿಜವಾದ ಉದಾಹರಣೆಗಳು ಹಸಿರಿನಲ್ಲಿ, ಉತ್ತರ ಸಿಗದ ಪ್ರಶ್ನೆಗಳು ಕೆಂಪಿನಲ್ಲಿ. ಹಸಿರು ಚೀಟಿಯಲ್ಲಿ 2-20 ಎಂದು ಬರೆದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: “ಇದು ಎರಡೂವರೆ ಎಕರೆ ತಾನೆ?” ಕೆಂಪು ಚೀಟಿ ಹೆಚ್ಚಾದರೆ ಹೆದರಬೇಕಿಲ್ಲ. ಆ ಕೆಲಸಕ್ಕೆ ಇನ್ನೂ ಕೈಹಚ್ಚಬಾರದು ಎಂದು ಅರ್ಧ ಗಂಟೆಯಲ್ಲೇ ತಿಳಿಯಿತಲ್ಲ, ಅದೇ ಲಾಭ.

ತಪ್ಪು ಕಲ್ಪನೆ: ‘ಪ್ಲಾನಿಂಗ್ ಪೋಕರ್’ ಆಡುವುದು ಕೆಲಸಕ್ಕೆ ಎಷ್ಟು ದಿನ ಬೇಕೆಂಬ ನಿಖರ ಲೆಕ್ಕ ಸಿಗಲಿ ಎಂದು.

ಸತ್ಯ: ಜೇಮ್ಸ್ ಗ್ರೆನಿಂಗ್ 2002ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಕೆಲಸ ಎಷ್ಟು ದೊಡ್ಡದೆಂಬ ತಮ್ಮ ಅಂದಾಜಿನ ಅಂಕಿಯ ಚೀಟಿಯನ್ನು ಎಲ್ಲರೂ ಒಟ್ಟಿಗೇ ತಿರುಗಿಸುತ್ತಾರೆ, ಹಿರಿಯರ ಅಂಕಿ ನೋಡಿ ಕಿರಿಯರು ತಮ್ಮದನ್ನು ಬದಲಿಸದಿರಲಿ ಎಂದು. ಖಾತೆ ಬದಲಾವಣೆಯ ಕೆಲಸಕ್ಕೆ ಒಬ್ಬಳು 3 ಎತ್ತಿದಳು, ಇನ್ನೊಬ್ಬ 13 ಎತ್ತಿದ ಎನ್ನೋಣ. ಸರಾಸರಿ 8 ಎಂದು ಬರೆದು ಮುಂದೆ ಹೋಗುವುದು ದೊಡ್ಡ ತಪ್ಪು. ಅವನ ಮನೆಯಲ್ಲಿ ಅಜ್ಜ ತೀರಿದ ಮೇಲೆ ಪೌತಿ ಖಾತೆಗೆ ಓಡಾಡಿದ್ದಾರೆ. ಒಂದೇ ಸರ್ವೆ ನಂಬರಿಗೆ ಆರು ಹೆಸರು ಬಂದದ್ದು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಆ ಮಾತು ಹೊರಬರಲೆಂದೇ ಚೀಟಿ.

ತಪ್ಪು ಕಲ್ಪನೆ: ಗೋಡೆಗೆ ಬಣ್ಣದ ಚೀಟಿ ಅಂಟಿಸುವುದು ಎಂಜಿನಿಯರುಗಳ ಆಟ, ಹಮಾಲರಿಗೆ, ಗುಮಾಸ್ತರಿಗೆ ಅಲ್ಲೇನು ಕೆಲಸ?

ಸತ್ಯ: ಅವರಿಲ್ಲದಿದ್ದರೆ ಆ ಗೋಡೆ ಸುಳ್ಳು ಹೇಳುತ್ತದೆ. ಆಲ್ಬರ್ಟೊ ಬ್ರಾಂಡೊಲಿನಿಯವರ ‘ಈವೆಂಟ್ ಸ್ಟಾರ್ಮಿಂಗ್’ನಲ್ಲಿ ನಡೆದು ಮುಗಿದ ಘಟನೆಗಳನ್ನು ಮಾತ್ರ ಕಿತ್ತಳೆ ಚೀಟಿಯಲ್ಲಿ ಬರೆದು ಸಾಲಾಗಿ ಅಂಟಿಸುತ್ತಾರೆ. ನಮ್ಮ ಮಾತಿಗೆ ಇದು ಚೆನ್ನಾಗಿ ಒಗ್ಗುತ್ತದೆ: ಲಾರಿ ಬಂತು, ತೇವಾಂಶ ನೋಡಿ ಆಯ್ತು, ತೂಕ ಆಯ್ತು, ಹಣ ಕೊಟ್ಟಾಯ್ತು. “ತೂಕಕ್ಕಿಂತ ಮೊದಲೇ ದರ ಮುರಿದಿರ್ತದ್ರಿ” ಎಂದು ಸಾಲು ತಿದ್ದಬಲ್ಲವರು ಮಾರುಕಟ್ಟೆಯಲ್ಲಿ ನಿಂತವರೇ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದಾಗಲೂ ನಮೂದಾದದ್ದನ್ನು ಕೈಬರಹದ ದಾಖಲೆಯೊಂದಿಗೆ ತಾಳೆ ನೋಡಿದವರು ಗ್ರಾಮ ಲೆಕ್ಕಿಗರು.

ಇದೆಲ್ಲ ಸಮಯ ಹಾಳು ಎನ್ನುವವರಿಗೆ ಆ ಹನ್ನೆರಡು ಗುಂಟೆಯ ಲೆಕ್ಕ ತೋರಿಸಿದರೆ ಸಾಕು.

ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಹೋಗಿ ಬೆಂಗಳೂರು, ಹೈದರಾಬಾದಿನ ತಂಡಗಳಲ್ಲಿ ಕೂತ ತಮ್ಮಂದಿರೇ, ತಂಗಿಯರೇ, ಗುಂಟೆ, ಚೀಲ, ಪೌತಿ ಖಾತೆ ಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು. ಎಲ್ಲರೂ ತಲೆಯಾಡಿಸುವಾಗ ನೀವು ಸುಮ್ಮನಿರಬೇಡಿ. ಮನೆಯ ಒಂದು ಪಹಣಿ ತೆಗೆದು ಮೇಜಿನ ಮೇಲಿಡಿ.