ಗಾಲ್ಫ್ ಬ್ಯಾಗ್ ಪಕ್ಕದಲ್ಲಿ ತಾತನಿಗೂ ಜಾಗವಿರಲಿ: ಕ್ಲೈಡ್ ನಾರ್ತ್‌ನಿಂದ ನಾಲ್ಕು ದಿನದ ಕಡಲ ಸುತ್ತು

ಶಾಲೆಗೆ ರಜೆ ಹತ್ತಿರ ಬಂದಾಗ ಮನೆಯಲ್ಲಿ ನಡೆಯುವ ಚರ್ಚೆ ನಿಮಗೆ ಹೊಸದೇನಲ್ಲ. ಗಾಲ್ಫ್ ಹುಚ್ಚಿರುವ ಒಬ್ಬರಿಗೆ ಕಡಲ ಬದಿಯ ಕೋರ್ಸ್ ಬೇಕು. ಮಕ್ಕಳಿಗೆ ಮರಳು, ಐಸ್‌ಕ್ರೀಮ್ ಬೇಕು. ಊರಿಂದ ಬಂದ ಹಿರಿಯರಿಗೆ ಮೆಲ್ಬರ್ನ್ ಸಿಟಿ ನೋಡುವ ಆಸೆ. ಮೂರನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಬಹುದು. ಆದರೆ ಮೊದಲ ಸಲ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಹಾಸನದಿಂದ ಅಪ್ಪ ಮೂರು ತಿಂಗಳಿಗೆಂದು ಬಂದಿದ್ದರು. ಬಂದ ಎರಡನೇ ವಾರವೇ ಎಲ್ಲರನ್ನೂ ಕಾರಿಗೆ ಹತ್ತಿಸಿ ಮಾರ್ನಿಂಗ್‌ಟನ್ ಪೆನಿನ್ಸುಲಾಗೆ ಹೊರಟೆ. ಎರಡು ಬೆಳಿಗ್ಗೆ 18 ಹೋಲ್ ಆಡಿದೆ. ಒಂದೊಂದು ಆಟಕ್ಕೂ ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ವಾಪಸ್ ಬಂದು ನೋಡಿದರೆ ಎಂಟು ವರ್ಷದ ಮಗಳು ಐಪ್ಯಾಡ್ ಹಿಡಿದು ಕೂತಿದ್ದಳು, ಅಪ್ಪ ಪಕ್ಕದಲ್ಲೇ ಕಿಟಕಿಯಾಚೆ ನೋಡುತ್ತಿದ್ದರು. ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ. ಆ ರಾತ್ರಿ ಅಪ್ಪ, "ಅದಕ್ಕೆ ನನ್ನ ಮಾತು ಬೇಡ ಕಣಪ್ಪ" ಅಂದರು. ಅವರು ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ ಹೋದೆವು. ಆಗ ಎಲ್ಲವನ್ನೂ ಬದಲಿಸಿದೆ. ಕೆಳಗಿನದು ಆ ಎರಡನೇ ಪ್ರವಾಸದ ಯೋಜನೆ.

ಮೊದಲ ನಿಯಮ: ಒಂಬತ್ತೇ ಹೋಲ್

ಒಂದೇ ಬೆಳಿಗ್ಗೆ, ಒಂಬತ್ತೇ ಹೋಲ್. ಎರಡು, ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕ್ಲೈಡ್ ನಾರ್ತ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ರೈ, ಫಿಂಗಲ್ ಸುತ್ತಮುತ್ತ ಸದಸ್ಯರಲ್ಲದವರೂ ಹಣ ಕಟ್ಟಿ ಆಡಬಹುದಾದ ಒಳ್ಳೆಯ ಕೋರ್ಸ್‌ಗಳಿವೆ. ರೈನ 'ದಿ ಡ್ಯೂನ್ಸ್'ನಲ್ಲಿ ದೊಡ್ಡ ಕೋರ್ಸ್ ಜೊತೆ 'ದಿ ಕಪ್ಸ್' ಎಂಬ ಒಂಬತ್ತು ಹೋಲ್‌ಗಳ ಕೋರ್ಸೂ ಇದೆ. ಫಿಂಗಲ್‌ನ ಮೂನಾ ಲಿಂಕ್ಸ್‌ನಲ್ಲಿ 2003 ಮತ್ತು 2005ರಲ್ಲಿ ಆಸ್ಟ್ರೇಲಿಯನ್ ಓಪನ್ ನಡೆದಿತ್ತು.

ಬುಕ್ ಮಾಡುವಾಗ ಮೂರು ವಿಷಯ ಫೋನಿನಲ್ಲೇ ಕೇಳಿಬಿಡಿ: ಆಡದವರು ಜೊತೆಗೆ ನಡೆಯಬಹುದೇ, ಮಕ್ಕಳನ್ನು ಬಗ್ಗಿಯಲ್ಲಿ ಕೂರಿಸಬಹುದೇ, ಮಕ್ಕಳ ಅಳತೆಯ ಕ್ಲಬ್ ಬಾಡಿಗೆಗೆ ಸಿಗುತ್ತದೆಯೇ. ಒಂದೊಂದು ಕಡೆ ಒಂದೊಂದು ನಿಯಮ. ಕಾಲರ್ ಇರುವ ಅಂಗಿ ಮರೆಯಬೇಡಿ. ಜನವರಿಯಲ್ಲಿ ಜನ ಜಾಸ್ತಿ, ಬಿಸಿಲೂ ಉರಿ. ಏಪ್ರಿಲ್ ರಜೆಯಲ್ಲಿ ವಾರದ ಮಧ್ಯೆ ಹೋದರೆ ನೆಮ್ಮದಿ. ಯಾವ ತಿಂಗಳಾದರೂ ಬಾಸ್ ಜಲಸಂಧಿಯ ಗಾಳಿ ಬಿಡುವುದಿಲ್ಲ, ಹಿರಿಯರಿಗೆ ಸ್ವೆಟರ್, ಮಫ್ಲರ್ ಇರಲಿ.

ಎರಡನೇ ನಿಯಮ: ಲೆಕ್ಕ ಕನ್ನಡದಲ್ಲಿ

ಈ ಸಲ ಮಗಳು, ಅಪ್ಪ ಇಬ್ಬರೂ ನನ್ನ ಜೊತೆ ನಡೆದರು. ಸ್ಕೋರ್ ಕಾರ್ಡ್ ಮಗಳ ಕೈಗೆ ಕೊಟ್ಟು ಒಂದೇ ಷರತ್ತು ಹಾಕಿದೆ: ಎಷ್ಟು ಹೊಡೆತ ಆಯಿತೆಂದು ತಾತನಿಗೆ ಹೇಳಬೇಕು, ತಾತನಿಗೆ ಗಾಲ್ಫ್ ಗೊತ್ತಿಲ್ಲ. ನಮ್ಮ ಮಕ್ಕಳಲ್ಲಿ ಬಹಳ ಜನ ಕನ್ನಡದಲ್ಲಿ ಇಪ್ಪತ್ತರ ತನಕ ಎಣಿಸಿ ನಿಲ್ಲುತ್ತಾರೆ. ಒಂಬತ್ತು ಹೋಲ್‌ಗೆ ನನ್ನ ಹೊಡೆತಗಳು ಐವತ್ತು ದಾಟುವುದರಿಂದ ಅವಳಿಗೆ ಮೂವತ್ತೇಳು, ನಲವತ್ತನಾಲ್ಕು ಎಲ್ಲ ಬೇಕೇ ಬೇಕಾಯಿತು. ನಾನು ಕೆಟ್ಟದಾಗಿ ಆಡಿದ್ದು ಮೊದಲ ಸಲ ಉಪಯೋಗಕ್ಕೆ ಬಂತು.

ಮೂರನೇ ಹೋಲ್‌ನಲ್ಲಿ ಅಪ್ಪ ಕೇಳಿದರು: "ಚಿನ್ನಿದಾಂಡಿನಲ್ಲಿ ಜಾಸ್ತಿ ಹೊಡೆದೋನು ಗೆಲ್ತಾನೆ. ಇದರಲ್ಲಿ ಕಮ್ಮಿ ಹೊಡೆದೋನು ಗೆಲ್ಲೋದಾ?" ಚಿನ್ನಿದಾಂಡು ಎಂದರೇನೆಂದು ಮಗಳಿಗೆ ಗೊತ್ತಿರಲಿಲ್ಲ. ಅಪ್ಪ ಎರಡು ಕಡ್ಡಿ ಹುಡುಕಿ ತೋರಿಸಿದರು. ಉಳಿದ ಹೋಲ್‌ಗಳಲ್ಲಿ ನನ್ನ ಆಟವನ್ನು ಯಾರೂ ನೋಡಲಿಲ್ಲ. ಮಗಳ ಕನ್ನಡ ತಪ್ಪುತಪ್ಪಾಗಿಯೇ ಇತ್ತು, ಅಪ್ಪ ತಿದ್ದಲಿಲ್ಲ. ನೀವೂ ಅಲ್ಲಿ ತಿದ್ದಬೇಡಿ. ಹೇಳಲೇಬೇಕಾದ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ.

ಮಕ್ಕಳಿಗೆ ಹೇಳಲು ಒಂದು ಕಥೆಯೂ ಇದೆ. ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೆ ಗಾಲ್ಫ್ ಹಿಡಿದವರು. 18 ವರ್ಷಕ್ಕೆ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಅವರ ಬ್ಯಾಗ್ ಹೊತ್ತವರು ತಂದೆ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಬ್ಯಾಗ್ ಹೊತ್ತವರು ತಾಯಿ, ಅಲ್ಲಿ ಅವರಿಗೆ ನಾಲ್ಕನೇ ಸ್ಥಾನ. "ಹಾಗಾದ್ರೆ ನಿನ್ನ ಬ್ಯಾಗ್ ನಾನು ಹೊರ್ತೀನಿ" ಅಂದಳು ಮಗಳು. ಹತ್ತು ಹೆಜ್ಜೆ ಹೊತ್ತಳು.

ನಾಲ್ಕು ದಿನ ಹೀಗೆ

ಮೊದಲ ದಿನ ಪೆನಿನ್ಸುಲಾ ತಲುಪಿ ಕೇಪ್ ಶಾಂಕ್‌ಗೆ ಹೋಗಿ. ಅಲ್ಲಿನ ದೀಪಸ್ತಂಭ 1859ರದ್ದು. ಕೆಳಗಿನ ತೀರಕ್ಕೆ ಮೆಟ್ಟಿಲು ಬಹಳ, ಮಂಡಿನೋವು ಇರುವವರು ಮೇಲಿಂದಲೇ ಕಡಲು ನೋಡಲಿ.

ಎರಡನೇ ದಿನ ಬೆಳಿಗ್ಗೆ ಗಾಲ್ಫ್. ಮಧ್ಯಾಹ್ನದಿಂದ ದಿನ ಮನೆಯವರದು, ಅವರು ಹೇಳಿದಲ್ಲಿಗೆ ಹೋಗಿ. ಡ್ರೊಮಾನಾ ಬಳಿ ಆರ್ಥರ್ಸ್ ಸೀಟ್ ಬೆಟ್ಟಕ್ಕೆ ಗೊಂಡೊಲಾ ಇದೆ, ಮೇಲಿಂದ ಪೋರ್ಟ್ ಫಿಲಿಪ್ ಕೊಲ್ಲಿ ಪೂರ್ತಿ ಹರಡಿಕೊಂಡಂತೆ ಕಾಣುತ್ತದೆ.

ಮೂರನೇ ದಿನ ಸೊರೆಂಟೊದಲ್ಲಿ ಕಾರು ಸಮೇತ ಫೆರಿ ಹತ್ತಿ. ಸುಮಾರು 40 ನಿಮಿಷಕ್ಕೆ ಆಚೆ ದಡದ ಕ್ವೀನ್ಸ್‌ಕ್ಲಿಫ್. ಕಾರಿನಲ್ಲಿ ಕೂರಬೇಡಿ, ಮೇಲಿನ ಡೆಕ್‌ಗೆ ಹೋಗಿ. ಅದೃಷ್ಟವಿದ್ದರೆ ಡಾಲ್ಫಿನ್ ಕಾಣುತ್ತವೆ. ಅಲ್ಲಿಂದ ಆಂಗ್ಲ್‌ಸೀ ಗಾಲ್ಫ್ ಕ್ಲಬ್‌ಗೆ ಹೋಗಿ. ಅಲ್ಲಿ ನೀವು ಆಡಬೇಕಾಗಿಲ್ಲ. ಆ ಕೋರ್ಸ್‌ನ ಹುಲ್ಲಿನ ಮೇಲೆ ಕಾಂಗರೂಗಳ ಹಿಂಡೇ ಇದೆ, ಗೈಡ್ ಜೊತೆ ತೋರಿಸುವ ಪ್ರವಾಸವನ್ನು ಕ್ಲಬ್ಬೇ ನಡೆಸುತ್ತದೆ. ನಮ್ಮ ಗೈಡ್ ಹೇಳಿದ್ದನ್ನೆಲ್ಲ ಮಗಳು ತಾತನಿಗೆ ಕನ್ನಡಕ್ಕೆ ಮಾಡಿ ಹೇಳಿದಳು. ಕಾಂಗರೂವಿನ 'ಪೌಚ್'ಗೆ ಪದ ಸಿಗದೆ "ಹೊಟ್ಟೆ ಜೇಬು" ಅಂದಳು. ನಮ್ಮ ಮನೆಯಲ್ಲಿ ಈಗ ಅದೇ ಪದ. ದಾರಿಯಲ್ಲಿ ಹಿರಿಯರಿಗೆ ಇದನ್ನೂ ಹೇಳಿ: ಆಂಗ್ಲ್‌ಸೀ ಮೂಲಕ ಹಾದುಹೋಗುವ ಗ್ರೇಟ್ ಓಷನ್ ರೋಡ್ ಅನ್ನು 1919ರಿಂದ 1932ರ ತನಕ ಕಟ್ಟಿದವರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು.

ರಾತ್ರಿ ಮೆಲ್ಬರ್ನ್ ಸಿಟಿಯಲ್ಲೇ ಉಳಿಯಿರಿ. ನಾಲ್ಕನೇ ದಿನ ಕಾರು ಹೋಟೆಲಿನಲ್ಲಿರಲಿ, ನಗರದ ನಡುಭಾಗದಲ್ಲಿ ಟ್ರಾಮ್ ಉಚಿತ. ಸ್ಟೇಟ್ ಲೈಬ್ರರಿಯ ಗುಮ್ಮಟದಡಿಯ ಓದುವ ಕೋಣೆ 1913ರಲ್ಲಿ ತೆರೆದದ್ದು, ಒಳಗೆ ಹೋಗಲು ದುಡ್ಡಿಲ್ಲ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಪಕ್ಕದ ಸೇತುವೆ ದಾಟಿ ನಡೆದರೆ ಆರ್ಟ್ ಗ್ಯಾಲರಿ, ಅದರ ಬಾಗಿಲಲ್ಲಿ ನೀರು ಹರಿಯುವ ಗಾಜಿನ ಗೋಡೆ. ಮಕ್ಕಳು ಅಲ್ಲಿಂದ ಬೇಗ ಏಳುವುದಿಲ್ಲ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ ಸೋಮವಾರ, ಬುಧವಾರ ಮುಚ್ಚಿರುತ್ತದೆ, ದಿನ ನೋಡಿ ಹೋಗಿ. ಅಲ್ಲಿ ತರಕಾರಿ ಹೆಸರು ಕೇಳುವ ಆಟ ಆಡಿ. ನಮ್ಮಲ್ಲಿ ಬೀಟ್‌ರೂಟ್ ಬಂದಾಗ ತಾತನೇ ಸೋತರು.

ಸಿಡ್ನಿಯಲ್ಲಿರುವವರಿಗೆ ಬಾಂಡೈ ಇದೆ. ಬಂಡೆಯ ಅಂಚಿನ ಅಲ್ಲಿನ ಕೋರ್ಸ್ ಒಂಬತ್ತೇ ಹೋಲ್‌ನದು, ಪಕ್ಕದ ಬಂಡೆಗಳ ಮೇಲೆ ಮೂಲನಿವಾಸಿಗಳು ಕೊರೆದ ಚಿತ್ರಗಳಿವೆ. ಮಧ್ಯಾಹ್ನ ಸರ್ಕ್ಯುಲರ್ ಕೀಗೆ ಬಂದು ಮ್ಯಾನ್ಲಿ ಫೆರಿ ಹತ್ತಿದರೆ 1932ರ ಹಾರ್ಬರ್ ಬ್ರಿಡ್ಜ್, 1973ರ ಆಪೆರಾ ಹೌಸ್ ಎರಡೂ ಒಂದೇ ಟಿಕೆಟ್ಟಿನಲ್ಲಿ ಕಾಣುತ್ತವೆ.

ಹೊರಡುವ ಮುಂಚೆ

ಫೆರಿ ಮತ್ತು ಕಾಂಗರೂ ಪ್ರವಾಸ ಮೊದಲೇ ಬುಕ್ ಮಾಡಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದರೆ ಹಿರಿಯರ ಊಟದ ಚಿಂತೆ ಅರ್ಧ ಕಳೆಯಿತು. ಕಾರಿನಲ್ಲಿ ಅಜ್ಜ, ಅಜ್ಜಿಯ ಪಕ್ಕ ಮಕ್ಕಳನ್ನು ಕೂರಿಸಿ. ಐಪ್ಯಾಡ್ ಡಿಕ್ಕಿಯಲ್ಲಿ ಗಾಲ್ಫ್ ಬ್ಯಾಗ್ ಜೊತೆ ಇರಲಿ.

ಅಪ್ಪ ಊರಿಗೆ ಮರಳಿ ಎಂಟು ತಿಂಗಳಾಯಿತು. ಭಾನುವಾರದ ವಾಟ್ಸಾಪ್ ಕಾಲ್‌ನಲ್ಲಿ ಅವರು ಮೊದಲು ಕೇಳುವುದು, "ನಿಮ್ಮಪ್ಪ ಈ ವಾರ ಎಷ್ಟು ಹೊಡೆದ?" ಮಗಳು ನನ್ನ ಕಾರ್ಡ್ ಕಿತ್ತುಕೊಂಡು ಓಡುತ್ತಾಳೆ. "ಐವತ್ತೆಂಟು, ತಾತ. ಸೋತುಬಿಟ್ಟ!"