ಬಸ್ಸೋ ಸ್ಕೂಟರೋ: ಅಮೃತಹಳ್ಳಿಯಿಂದ ಒಂದು ಲೆಕ್ಕ

ಬೆಂಗಳೂರಿನ ಅಮೃತಹಳ್ಳಿಯಿಂದ ಮೆಜೆಸ್ಟಿಕ್‌ಗೆ ಸುಮಾರು 12 ಕಿಲೋಮೀಟರ್. ಬೆಳಗ್ಗೆ ಎಂಟೂವರೆಗೆ ಮನೆ ಬಿಡುವವರಲ್ಲಿ ಕೆಲವರು ಬಳ್ಳಾರಿ ರಸ್ತೆಯವರೆಗೆ ನಡೆದು ಬಸ್ಸಿಗೆ ಕಾಯುತ್ತಾರೆ, ಕೆಲವರು ಸ್ಕೂಟರ್ ತೆಗೆಯುತ್ತಾರೆ, ತಡವಾದವರು ಆಟೊ ಕೂಗುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ಎಲ್ಲರಿಗೂ ಒಂದೇ, ಮೇಖ್ರಿ ಸರ್ಕಲ್ಲಿನ ದಟ್ಟಣೆಯೂ ಒಂದೇ. ಆದರೂ ಒಂದೇ ಬೀದಿಯ ಅಕ್ಕಪಕ್ಕದ ಮನೆಯವರು ಬೇರೆ ಬೇರೆ ವಾಹನ ಹಿಡಿಯುತ್ತಾರೆ. ನೂರು ಜನರಲ್ಲಿ ಎಷ್ಟು ಮಂದಿ ಯಾವುದನ್ನು ಹಿಡಿದಾರು ಎಂದು ಮೊದಲೇ ಹೇಳಲು ಸಾಧ್ಯವೆ? ಸಾಧ್ಯ ಎನ್ನುವ ಒಂದು ಗಣಿತದ ಯಂತ್ರವಿದೆ. ಹೆಸರು ಲಾಜಿಟ್ ಮಾದರಿ. ಸಾವಿರಾರು ಕೋಟಿ ರೂಪಾಯಿಯ ಮೆಟ್ರೊ, ಮೇಲ್ಸೇತುವೆ, ಬಸ್ ಪಥಗಳ ಯೋಜನಾ ವರದಿಗಳ ಒಳಗೆ ಇಂಥ ಮಾದರಿಗಳೇ ಕೆಲಸ ಮಾಡುತ್ತಿರುತ್ತವೆ. ಅದು ಹೇಗೆ ಓಡುತ್ತದೆಂದು ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಯಂತ್ರದ ಒಳಗೆ ಮೊದಲು ಹೋಗುವುದು ಹಣ ಮತ್ತು ಸಮಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕಾದರೆ ನಿಮಿಷಕ್ಕೊಂದು ಬೆಲೆ ಬೇಕು. ಉದಾಹರಣೆಗೆ ಒಂದು ನಿಮಿಷಕ್ಕೆ ಒಂದೂವರೆ ರೂಪಾಯಿ ಎಂದಿಟ್ಟುಕೊಳ್ಳೋಣ. ಆದರೆ ಎಲ್ಲ ನಿಮಿಷಗಳೂ ಒಂದೇ ತೂಕದವಲ್ಲ. ಸೀಟು ಸಿಕ್ಕಿ ಕೂತ ಹತ್ತು ನಿಮಿಷಕ್ಕಿಂತ ನಿಲ್ದಾಣದಲ್ಲಿ ಧೂಳು ಕುಡಿಯುತ್ತಾ, ಬಸ್ ಬರುತ್ತದೋ ಇಲ್ಲವೋ ಎಂದು ರಸ್ತೆ ನೋಡುವ ಹತ್ತು ನಿಮಿಷ ಹೆಚ್ಚು ಭಾರ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಆಧರಿಸಿ, ಕಾಯುವ ಮತ್ತು ನಡೆಯುವ ನಿಮಿಷಕ್ಕೆ ವಾಹನದೊಳಗಿನ ನಿಮಿಷದ ಸುಮಾರು ಎರಡು ಪಟ್ಟು ತೂಕ ಕೊಡುವುದು ರೂಢಿ. ಅಂದರೆ ಇಲ್ಲಿ ಮೂರು ರೂಪಾಯಿ.

ಈಗ ಲೆಕ್ಕ ಹಾಕೋಣ. ವಿಧಾನ ತೋರಿಸಲು ನಾನೇ ಇಟ್ಟುಕೊಂಡ ಅಂಕಿಗಳಿವು. ಬಸ್ಸಿಗೆ ಟಿಕೆಟ್ 25 ರೂಪಾಯಿ, ಒಳಗೆ 50 ನಿಮಿಷ, ನಡೆದು ಕಾಯುವುದಕ್ಕೆ 20 ನಿಮಿಷ: 25, 75, 60 ಸೇರಿ 160. ಸ್ಕೂಟರಿಗೆ ಪೆಟ್ರೋಲು, ಪಾರ್ಕಿಂಗ್ ಎಲ್ಲ ಸೇರಿ 60 ರೂಪಾಯಿ, ಓಡಿಸುವುದಕ್ಕೆ 40 ನಿಮಿಷ: ಒಟ್ಟು 120. ಆಟೊಗೆ 2025ರ ಆಗಸ್ಟ್‌ನಿಂದ ಬಂದ ಮೀಟರ್ ದರದಲ್ಲಿ, ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18ರಂತೆ, 216 ರೂಪಾಯಿ. 40 ನಿಮಿಷದ ಪಯಣ, ಎಂಟು ನಿಮಿಷ ಕಾಯುವುದು ಸೇರಿದರೆ 300.

ಎಲ್ಲರೂ ಹಗುರವಾದದ್ದನ್ನೇ ಹಿಡಿಯುವುದಾದರೆ ನೂರಕ್ಕೆ ನೂರು ಮಂದಿಯೂ ಸ್ಕೂಟರ್ ಹತ್ತಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ನಮ್ಮ ಲೆಕ್ಕಕ್ಕೆ ಸಿಗದ ಸಂಗತಿಗಳು ಸಾಕಷ್ಟಿವೆ. ಒಬ್ಬರಿಗೆ ಬೆನ್ನುನೋವು. ಇನ್ನೊಬ್ಬರು ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕು. ಮತ್ತೊಬ್ಬರಿಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವುದೇ ದಿನದ ವಿಶ್ರಾಂತಿ. ಅಳತೆಗೆ ಸಿಗದ ಈ ಭಾಗವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಬಿಟ್ಟುಬಿಡಲಿಲ್ಲ. ಅದು ಜನರಲ್ಲಿ ಒಂದು ನಿರ್ದಿಷ್ಟ ರೀತಿಯಲ್ಲಿ ಹರಡಿಕೊಂಡಿದೆ ಎಂದು ಇಟ್ಟುಕೊಂಡರು. ಆ ಹರಡಿಕೆಗೆ ಗುಂಬೆಲ್ ವಿತರಣೆ ಎಂದು ಹೆಸರು. ನದಿಯೊಂದರ ವರ್ಷದ ಅತಿ ದೊಡ್ಡ ಪ್ರವಾಹವನ್ನು ಅಂದಾಜು ಮಾಡಲು ಜಲವಿಜ್ಞಾನಿಗಳು ಬಳಸುವುದೂ ಇದನ್ನೇ. ಪ್ರವಾಹಕ್ಕೂ ಬಸ್ಸಿಗೂ ಏನು ನಂಟು ಎನಿಸಬಹುದು. ಎರಡು ಕಡೆಯೂ ನಾವು ಹುಡುಕುವುದು ಹಲವುಗಳಲ್ಲಿ ಮೇಲುಗೈ ಆದ ಒಂದನ್ನು. ಹೀಗೆ ಊಹಿಸಿಕೊಂಡರೆ ಸೂತ್ರ ಬಹಳ ಸರಳವಾಗುತ್ತದೆ: ಭಾರದ ವ್ಯತ್ಯಾಸ ಇಂತಿಷ್ಟು ಹೆಚ್ಚಿದಂತೆಲ್ಲ ಜನರ ಪಾಲು ಇಂತಿಷ್ಟು ಪಟ್ಟು ಕುಗ್ಗುತ್ತದೆ.

ನಮ್ಮ ಉದಾಹರಣೆಯಲ್ಲಿ ಪ್ರತಿ 40 ರೂಪಾಯಿ ವ್ಯತ್ಯಾಸಕ್ಕೆ ಪಾಲು 2.72 ಪಟ್ಟು ಕುಗ್ಗುತ್ತದೆ ಎಂದುಕೊಳ್ಳೋಣ. ಆಗ ನೂರು ಜನರಲ್ಲಿ ಸುಮಾರು 72 ಮಂದಿ ಸ್ಕೂಟರ್, 27 ಮಂದಿ ಬಸ್ಸು, ಒಬ್ಬರು ಆಟೊ. ಇನ್ನು ಒಂದೊಂದೇ ಗುಂಡಿ ಒತ್ತಿ ನೋಡಿ. ಬಸ್ಸನ್ನು ಹತ್ತು ನಿಮಿಷ ಬೇಗ ಮುಟ್ಟಿಸಿದರೆ ಬಸ್ಸಿನ ಪಾಲು 27ರಿಂದ 35ಕ್ಕೆ ಏರುತ್ತದೆ. ಟಿಕೆಟ್ಟನ್ನೇ ತೆಗೆದುಹಾಕಿದರೆ 40. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಮಹಿಳೆಯರ ಮಟ್ಟಿಗೆ ಒತ್ತಿದ ಗುಂಡಿ ಇದೇ. ಮೂರನೆಯದು, ಟಿಕೆಟ್ ಇರಲಿ, ಬಸ್ಸಿನ ವೇಗವೂ ಹಾಗೇ ಇರಲಿ, ನಡೆದು ಕಾಯುವ ಹೊತ್ತನ್ನು ಮಾತ್ರ 20ರಿಂದ ಹತ್ತು ನಿಮಿಷಕ್ಕೆ ಇಳಿಸಿ. ಬಸ್ಸಿನ ಪಾಲು 44! ಅದೇ ಹತ್ತು ನಿಮಿಷ. ಬಸ್ಸಿನೊಳಗೆ ಉಳಿಸಿದರೆ ಎಂಟು ಮಂದಿ ಹೆಚ್ಚುತ್ತಾರೆ, ನಿಲ್ದಾಣದಲ್ಲಿ ಉಳಿಸಿದರೆ ಹದಿನೇಳು ಮಂದಿ. ನನ್ನ ಅಂಕಿಗಳನ್ನು ಬದಲಿಸಿದರೆ ಫಲಿತಾಂಶಗಳೂ ಬದಲಾಗುತ್ತವೆ, ಆದರೆ ಕಾಯುವ ನಿಮಿಷಕ್ಕೆ ಎರಡು ಪಟ್ಟು ತೂಕವಿರುವ ತನಕ ಕೊನೆಯ ಹೋಲಿಕೆ ಮಾತ್ರ ತಲೆಕೆಳಗಾಗುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ವಾಹನ ಹೇಗೆ ವೇಗವಾಗಿ ಓಡಬೇಕೆಂದು ನಾವು ಆಡುವ ಮಾತಿನ ಕಾಲುಭಾಗವನ್ನಾದರೂ ಅಮೃತಹಳ್ಳಿಯ ಒಳಗಿನಿಂದ ನಿಲ್ದಾಣದವರೆಗಿನ ಪಾದಚಾರಿ ದಾರಿಗೆ ಮೀಸಲಿಡಬೇಕಿತ್ತು.

ಈ ಯಂತ್ರ ನಿಜವಾಗಿ ಪರೀಕ್ಷೆಗೆ ನಿಂತದ್ದು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ. ಅಲ್ಲಿ 1972ರ ಸೆಪ್ಟೆಂಬರಿನಲ್ಲಿ ಬಾರ್ಟ್ ಎಂಬ ಹೊಸ ರೈಲು ಶುರುವಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಮೆಕ್‌ಫ್ಯಾಡನ್ ತಂಡ ರೈಲು ಬರುವ ಮೊದಲೇ ಕೆಲಸಕ್ಕೆ ಹೋಗುವವರನ್ನು ಮಾತಾಡಿಸಿ, ಅವರ ಅಂದಿನ ಓಡಾಟದಿಂದ ಮಾದರಿ ಕಟ್ಟಿ, ಬಾರ್ಟ್ ಹಿಡಿಯುವವರ ಪಾಲನ್ನು ಮುಂಚಿತವಾಗಿ ಲೆಕ್ಕಹಾಕಿತು. ಅಧಿಕೃತ ಅಂದಾಜು ಶೇ. 15. ಮೆಕ್‌ಫ್ಯಾಡನ್ ಅಂದಾಜು ಶೇ. 6.3. ರೈಲು ಓಡಿದ ಮೇಲೆ ಎಣಿಸಿದಾಗ ಸಿಕ್ಕಿದ್ದು ಶೇ. 6.2. 2000ದಲ್ಲಿ ಅವರಿಗೆ ಜೇಮ್ಸ್ ಹೆಕ್‌ಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂದಾಜು ಇಷ್ಟು ಹತ್ತಿರಕ್ಕೆ ಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತೆಂದು ಅವರೇ ಹೇಳಿದ್ದರು. ಮಾದರಿ ಎಡವಿದ ಜಾಗವೂ ನಮಗೆ ಮುಖ್ಯ: ನಡೆದೇ ನಿಲ್ದಾಣಕ್ಕೆ ಬರುವವರ ಸಂಖ್ಯೆಯನ್ನು ಅದು ಹೆಚ್ಚಾಗಿ ಊಹಿಸಿತ್ತು. ಒಳ್ಳೆಯ ಪಾದಚಾರಿ ದಾರಿಗಳಿರುವ ಊರಿನಲ್ಲೇ ಹೀಗಾದರೆ, ನಮ್ಮ ಕಡೆ ಎಷ್ಟು ಎಚ್ಚರ ಬೇಕು!

ಸರಳ ಲಾಜಿಟ್‌ಗೆ ಇನ್ನೊಂದು ದೋಷವಿದೆ. ಪಾಠಪುಸ್ತಕಗಳಲ್ಲಿ ಅದಕ್ಕೆ ಕೆಂಪು ಬಸ್, ನೀಲಿ ಬಸ್ ಸಮಸ್ಯೆ ಎನ್ನುತ್ತಾರೆ. ಊರಿನ ಅರ್ಧ ಜನ ಕಾರು, ಅರ್ಧ ಜನ ನೀಲಿ ಬಸ್ಸು ಹಿಡಿಯುತ್ತಿದ್ದಾರೆ. ಅರ್ಧ ಬಸ್ಸುಗಳಿಗೆ ಕೆಂಪು ಬಣ್ಣ ಬಳಿದರೆ, ಈಗ ಆಯ್ಕೆ ಮೂರಾಯಿತೆಂದು ಸೂತ್ರವು ಕಾರಿಗೂ, ಎರಡು ಬಣ್ಣದ ಬಸ್ಸುಗಳಿಗೂ ಮೂರನೇ ಒಂದೊಂದು ಪಾಲು ಹಂಚುತ್ತದೆ. ಬಣ್ಣ ಬಳಿದಿದ್ದಕ್ಕೆ ಯಾರೂ ಕಾರು ಬಿಟ್ಟು ಬರುವುದಿಲ್ಲವಲ್ಲ! ಇದರಿಂದ ಬರುವ ತೊಂದರೆ ದೊಡ್ಡದು. ಹೊಸ ಮೆಟ್ರೊ ಬಂದರೆ ಅದು ಸ್ಕೂಟರು, ಕಾರು, ಬಸ್ಸು ಎಲ್ಲದರಿಂದಲೂ ಅವುಗಳ ಪಾಲಿಗೆ ತಕ್ಕಂತೆ ಜನರನ್ನು ಸೆಳೆಯುತ್ತದೆಂದು ಸರಳ ಮಾದರಿ ಹೇಳುತ್ತದೆ. ನಿಜದಲ್ಲಿ ಮೆಟ್ರೊಗೆ ಹತ್ತಿರದ ನೆಂಟ ಬಸ್ಸು, ಹಾಗಾಗಿ ಮೊದಲು ಖಾಲಿಯಾಗುವುದು ಬಸ್ಸು. ಹೆಬ್ಬಾಳದ ಸೇತುವೆ ಮೇಲಿನ ಕಾರುಗಳು ಕಡಿಮೆಯಾಗುತ್ತವೆ ಎಂದು ಕಾದವರಿಗೆ ನಿರಾಸೆ. ಒಂದನ್ನೊಂದು ಹೋಲುವ ಆಯ್ಕೆಗಳನ್ನು ಒಂದೇ ಗೂಡಿನಲ್ಲಿಟ್ಟು ಲೆಕ್ಕ ಹಾಕುವ ಗೂಡುಕಟ್ಟಿದ ಲಾಜಿಟ್ ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ.

ಅಮೃತಹಳ್ಳಿಗೆ ಇದೆಲ್ಲ ದೂರದ ಮಾತಲ್ಲ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊದ ನೀಲಿ ಮಾರ್ಗ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳ ದಾಟಿ ವಿಮಾನ ನಿಲ್ದಾಣದವರೆಗೆ 58.19 ಕಿಲೋಮೀಟರ್. ಅದರ ಕೊಡಿಗೇಹಳ್ಳಿ, ಜಕ್ಕೂರು ಕ್ರಾಸ್ ನಿಲ್ದಾಣಗಳು ಈ ಬಡಾವಣೆಯವರಿಗೆ ಹತ್ತಿರ. ನಾಗವಾರದ ಕಡೆಯ ಕಚೇರಿಗಳಿಗೆ, ಹೊರವರ್ತುಲ ರಸ್ತೆಗೆ ಹೋಗುವವರಿಗೆ ಇದು ದೊಡ್ಡ ವರ. ಆದರೆ ಮೆಜೆಸ್ಟಿಕ್? ನೀಲಿ ಮಾರ್ಗ ಅಲ್ಲಿಗೆ ಹೋಗುವುದಿಲ್ಲ. ನಾಗವಾರದಲ್ಲಿ ಇಳಿದು ಗುಲಾಬಿ ಮಾರ್ಗ ಹಿಡಿಯಬೇಕು, ಎಂ.ಜಿ. ರಸ್ತೆಯಲ್ಲಿ ಮತ್ತೆ ಇಳಿದು ನೇರಳೆ ಮಾರ್ಗ ಹತ್ತಬೇಕು. ಪ್ರತಿ ಬದಲಾವಣೆಗೂ ಮೆಟ್ಟಿಲು, ನಡಿಗೆ, ಕಾಯುವಿಕೆ, ಅವೆಲ್ಲಕ್ಕೂ ಎರಡು ಪಟ್ಟು ತೂಕ. ನೇರವಾಗಿ ಹೋಗುವ ಬಸ್ಸಿನ ಎದುರು ಈ ದಾರಿ ಮೆಜೆಸ್ಟಿಕ್ ಪ್ರಯಾಣಕ್ಕೆ ಗೆಲ್ಲುವುದು ಕಷ್ಟ. ಮೆಟ್ರೊ ಬಂತೆಂದು ಬಳ್ಳಾರಿ ರಸ್ತೆಯ ನೇರ ಬಸ್ಸುಗಳನ್ನು ಕಡಿತ ಮಾಡಿದರೆ ಅಮೃತಹಳ್ಳಿಯವರಿಗೆ ನಷ್ಟವೇ.

ದರದ ಮಾತೂ ಇದೆ. 2025ರ ಫೆಬ್ರವರಿ 9ರಿಂದ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು, ಆ ತಿಂಗಳಲ್ಲೇ ಪ್ರಯಾಣಿಕರ ಸಂಖ್ಯೆ ಇಳಿಯಿತು. ಮಾದರಿ ಕಟ್ಟುವವರಿಗೆ ಇಂಥ ಘಟನೆ ಬಹಳ ಬೆಲೆಯುಳ್ಳದ್ದು. ಏಕೆಂದರೆ ಮುಂಚಿತವಾಗಿ ಸಮೀಕ್ಷೆ ಮಾಡುವಾಗ, "ಮೆಟ್ರೊ ಬಂದರೆ ಹತ್ತುತ್ತೀರಾ ಮೇಡಂ?" ಎಂದರೆ "ಹತ್ತದೆ ಇರ್ತೀವಾ?" ಎನ್ನುವವರೇ ಹೆಚ್ಚು. ಬಾಯಲ್ಲಿ ಹೇಳುವುದಕ್ಕೂ ಜೇಬಿನಿಂದ ಕೊಡುವುದಕ್ಕೂ ಅಂತರವಿದೆ. ದರ ಏರಿದಾಗ, ಸೇವೆಯೊಂದು ನಿಂತಾಗ ಜನ ನಿಜವಾಗಿ ಏನು ಮಾಡಿದರೆಂಬುದನ್ನು ಹಿಡಿದಿಟ್ಟುಕೊಂಡರೆ ಆ ಅಂತರವನ್ನು ಅಳೆಯಬಹುದು.

ನನ್ನನ್ನು ಹೆಚ್ಚು ಕಾಡುವುದು ನಿಮಿಷದ ಬೆಲೆ. ಆದಾಯ ಹೆಚ್ಚಿದಂತೆ ಜನ ಸಮಯ ಉಳಿಸಲು ಹೆಚ್ಚು ಹಣ ಕೊಡುತ್ತಾರೆ, ಮಾದರಿಗೆ ಅದು ಕಾಣುತ್ತದೆ. ಜನ ಏನು ಮಾಡಿಯಾರು ಎಂದು ಊಹಿಸಲು ಆ ವ್ಯತ್ಯಾಸ ಬೇಕೇ ಬೇಕು. ಆದರೆ ಯಾವ ರಸ್ತೆಗೆ ಹಣ ಹಾಕಬೇಕೆಂದು ತೀರ್ಮಾನಿಸುವಾಗಲೂ ಅದೇ ಬೆಲೆ ಬಳಸಿದರೆ, ವಿಮಾನ ಹಿಡಿಯಲು ಕಾರಿನಲ್ಲಿ ಹೋಗುವವರ ಐದು ನಿಮಿಷವು ಮನೆಕೆಲಸಕ್ಕೆ ನಡೆದು ಹೋಗುವ ಹೆಂಗಸಿನ ಅರ್ಧ ಗಂಟೆಯನ್ನು ಮೀರಿಸಿಬಿಡುತ್ತದೆ. ಇದು ತಪ್ಪು. ಎಲ್ಲರ ನಿಮಿಷಕ್ಕೂ ಒಂದೇ ಬೆಲೆ ಕಟ್ಟಿ ಯೋಜನೆ ತೂಗುವ ಪದ್ಧತಿಯನ್ನು ಕೆಲವು ದೇಶಗಳಲ್ಲಿ ಅನುಸರಿಸುತ್ತಾರೆ, ನಮ್ಮಲ್ಲೂ ಅದನ್ನು ಕಡ್ಡಾಯ ಮಾಡಬೇಕು. ಇನ್ನು ಸ್ಕೂಟರ್ ಇಲ್ಲದ, ಆಟೊಗೆ ಕೊಡಲಾಗದ ಆ ಹೆಂಗಸಿನ ಮುಂದೆ ಮೂರು ದಾರಿಗಳು ಇರಲೇ ಇಲ್ಲ. ಅವಳ ನಡಿಗೆಯನ್ನು ಆಯ್ಕೆ ಎಂದು ಬರೆದುಕೊಂಡರೆ, ಅವಳಿಗೆ ನಡೆಯುವುದೇ ಇಷ್ಟ ಎಂದು ಯಂತ್ರ ಕಲಿತುಬಿಡುತ್ತದೆ. ಅದಕ್ಕೇ ಒಳ್ಳೆಯ ಸಮೀಕ್ಷೆಯಲ್ಲಿ "ಹೇಗೆ ಹೋದಿರಿ" ಎನ್ನುವುದರ ಜೊತೆಗೆ "ಬೇರೆ ಹೇಗೆ ಹೋಗಬಹುದಿತ್ತು" ಎಂದೂ ಕೇಳುತ್ತಾರೆ.

ನೀಲಿ ಮಾರ್ಗ ತೆರೆಯುವ ಮೊದಲು ಅಮೃತಹಳ್ಳಿಯಲ್ಲಿ ಅಂಥದೊಂದು ಮನೆಮನೆ ಸಮೀಕ್ಷೆ ಆಗಬೇಕು: ಯಾವ ಬೀದಿಯಿಂದ ನಿಲ್ದಾಣಕ್ಕೆ ಎಷ್ಟು ನಿಮಿಷ, ಅಷ್ಟು ಅಗಲದ ಬಳ್ಳಾರಿ ರಸ್ತೆಯನ್ನು ಎಲ್ಲಿ ದಾಟುತ್ತಾರೆ, ರಾತ್ರಿ ಒಂಬತ್ತಕ್ಕೆ ಆ ದಾರಿಯಲ್ಲಿ ಒಬ್ಬಳೇ ನಡೆದು ಬರಬಹುದೆ. ತೆರೆದ ಆರು ತಿಂಗಳಿಗೆ ಅದೇ ಮನೆಗಳಿಗೆ ಮತ್ತೆ ಹೋಗಿ ಕೇಳಬೇಕು. ಎರಡು ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ಪ್ರಕಟಿಸಿದರೆ, ಸಂಪರ್ಕ ಬಸ್ಸು ಯಾವ ಬೀದಿಗೆ, ಎಷ್ಟು ನಿಮಿಷಕ್ಕೊಮ್ಮೆ ಬೇಕೆಂದು ಬಿಎಂಟಿಸಿಯವರಿಗೂ ಗೊತ್ತಾಗುತ್ತದೆ, ಬಡಾವಣೆಯವರಿಗೂ ಗೊತ್ತಾಗುತ್ತದೆ.